ಕುಷಾಯಿಗೂಡದಲ್ಲಿ ಅರ್ಧಕ್ಕೆ ನಿಂತ ಹಾಡು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಒಂದು ಮಾತು ಹೇಳಿದೆ. ಗೋಡೆಯ ಗಡಿಯಾರ ಎದುರಿಗೇ ಇತ್ತು, ಹೊತ್ತು ಮರೆತಿಲ್ಲ. “ಕಾಕಾ, ಗುಂಯ್ ಅಂತ ಸಪ್ಪಳ ಬರ್ಲಿಕತ್ತದ. ರೆಕಾರ್ಡಿಂಗಿನಾಗ ಕೇಳಸ್ತದ.” ನಾನು ಕಾಕಾ ಎಂದು ಕರೆಯುವ ವೀರಭದ್ರಪ್ಪನವರು ತಮ್ಮ ಮನೆಯ ಆಂಪ್ಲಿಫೈಯರಿನ ಹಿಂದೆ ಬಗ್ಗಿ, “ಎರಡ ನಿಮಿಷ ತಾಳವಾ,” ಎಂದರು. ಪ್ಲಗ್ಗು ಬಿಚ್ಚಿ, ಅರ್ಥಿಂಗಿನ ಹಸಿರು ತಂತಿಯನ್ನು ಸಡಿಲಿಸಿ ಹೊರಗೆಳೆದು, ಮತ್ತೆ ಸಿಕ್ಕಿಸಿದರು. ಸಪ್ಪಳ ಅಡಗಿತು. ನುಡಿಸಲು ಸೇರಿದ್ದ ನಾವೆಲ್ಲ ಖುಷಿಯಿಂದ ತಲೆಯಾಡಿಸಿದೆವು. ಸೋರಿದ ಕರೆಂಟು ಮನುಷ್ಯನ ಮೈಗೆ ಹರಿಯದೆ ನೆಲಕ್ಕಿಳಿಯಲೆಂದು ಆ ಹಸಿರು ತಂತಿ ಇರುತ್ತದೆ ಎಂದು ನಾನು ಪ್ರತಿ ವರ್ಷ ಹತ್ತನೇ ತರಗತಿಗೆ ಪಾಠ ಮಾಡುತ್ತೇನೆ.

ಹಿಂದಿನ ದಿನ ಬೀದರಿನಿಂದ ಹೊರಟಿದ್ದೆ. ನಾನು ನುಡಿಸುವುದು ಸ್ಟೀಲ್ ಗಿಟಾರ್. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುವ ವಾದ್ಯ ಅದು. ನನಗೆ ಕಲಿಸಿದವರು ಊರು ಬಿಟ್ಟು ಹನ್ನೆರಡು ವರ್ಷವಾಯಿತು. ಅಲ್ಲಿಂದೀಚೆಗೆ ಬೀದರಿನಲ್ಲಿ ಅದನ್ನು ನುಡಿಸುವ ಇನ್ನೊಂದು ಕೈಯನ್ನು ನಾನು ಕಂಡಿಲ್ಲ. ಫೋನಿನಲ್ಲಿ ಇದನ್ನು ನುಡಿಸುವವರ ಒಂದು ಗುಂಪಿದೆ. ಅಮೆರಿಕದ ಹಳ್ಳಿಗಾಡಿನ ಹಳೆಯ ಕಂಟ್ರಿ ಹಾಡೊಂದನ್ನು ನಮ್ಮ ನಮ್ಮ ರೀತಿಯಲ್ಲಿ ಹೊಂದಿಸಿ, ನುಡಿಸಿ, ಅಲ್ಲಿ ಹಾಕುತ್ತೇವೆ. ಬಿಟ್ಟುಹೋದವರಿಗಾಗಿ ಕಾಯುವ ಹಾಡು ಎನ್ನುತ್ತಾರೆ. ಪದಗಳು ನಮಗ್ಯಾರಿಗೂ ಪೂರ್ತಿ ಬಾರವು. ಅಂಥ ಕೈಗಳು ಆಡುವುದನ್ನು ಒಂದೇ ಕೋಣೆಯಲ್ಲಿ ಕೂತು ನೋಡಬೇಕು, ಇಷ್ಟೇ ನನ್ನ ಆಸೆ. ಗುಂಪಿನವರೇ ಆದ ವೀರಭದ್ರಪ್ಪನವರು ಎಲ್ಲರನ್ನೂ ಮನೆಗೆ ಕರೆದಾಗ ರಜೆಯ ಲೆಕ್ಕವನ್ನೂ ನೋಡದೆ ಹೂಂ ಅಂದುಬಿಟ್ಟಿದ್ದೆ.

ಫೆಬ್ರವರಿಯ ಕೊನೆ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗಡಿ ದಾಟುವ ಬಸ್ಸಾದ್ದರಿಂದ ಹೆಂಗಸರ ಉಚಿತ ಪ್ರಯಾಣ ನಡೆಯಲಿಲ್ಲ, ಟಿಕೆಟ್ ಕೊಂಡೆ. ಕಂಡಕ್ಟರು ಸೀಟಿನ ಮೇಲೆ ಮಲಗಿದ್ದ ಪೆಟ್ಟಿಗೆಯನ್ನು ನೋಡಿ, “ಇದಕ್ಕ ಹಾಫ್ ಕೊಡ್ಲೋ ಫುಲ್ ಕೊಡ್ಲೋ ಮೇಡಂ?” ಎಂದು ಕೇಳಿದ. ಜಹೀರಾಬಾದಿನಲ್ಲಿ ಚಹಾ ಕುಡಿದೆ. ಸಂಗಾರೆಡ್ಡಿ ದಾಟಿದ ಮೇಲೆ ಲಾರಿಗಳ ಸಾಲು. ನೂರ ನಲವತ್ತು ಕಿಲೋಮೀಟರಿಗೆ ನಾಲ್ಕು ತಾಸು ಹಿಡಿಯಿತು. ಗಡಿಯಾಚೆಯ ರಾಜಧಾನಿಯ ಅಬಿಡ್ಸ್ ಪೇಟೆಯಲ್ಲಿ ಇಳಿದು ಗಿಟಾರಿನ ತಂತಿಗಾಗಿ ಎರಡು ಅಂಗಡಿ ಅಲೆದೆ. ಒಂದರಲ್ಲಿ ಮುದುಕರೊಬ್ಬರು ಇನ್ನೂ ಇದನ್ನು ನುಡಿಸುವವರಿದ್ದಾರೆಯೇ ಎಂದು ಹಿಂದಿಯಲ್ಲಿ ಕೇಳಿದರು. ನಾಳೆ ಐದು ಜನ ಸೇರುತ್ತೇವೆ ಎಂದೆ. ಹೇಳುವಾಗ ನನ್ನ ದನಿಯಲ್ಲಿದ್ದ ಜಂಬ ಈಗಲೂ ಕೇಳಿಸುತ್ತದೆ.

ನಾಚಾರಂ ಮೇಲೆ ಹಾದು ಸಿಟಿ ಬಸ್ಸು ಕುಷಾಯಿಗೂಡ ಮುಟ್ಟಿದಾಗ ಸಂಜೆಯಾಗಿತ್ತು. ವೀರಭದ್ರಪ್ಪನವರು ವಿಜಯಪುರ ಕಡೆಯವರು, ಕುಷಾಯಿಗೂಡದ ಪಕ್ಕದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಆಂಪ್ಲಿಫೈಯರ್ ಅವರೇ ಕಟ್ಟಿದ್ದು. ಹೆಂಡತಿ ಶಾಂತಕ್ಕ ನನ್ನ ಪೆಟ್ಟಿಗೆಯನ್ನು ಎತ್ತಿ ಒಳಗಿಡುತ್ತ, ನಿನಗೂ ಇದೇ ಹುಚ್ಚೇನು ಎಂದು ಕೇಳಿದರು. ತಮಗೆ ಸಂಗೀತದ ಗಂಧವಿಲ್ಲ, ಆ ಒಂದು ಹಾಡನ್ನು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ ಎಂದು ಊಟಕ್ಕೆ ಬಡಿಸುವಾಗ ಮೂರು ಸಲ ಹೇಳಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮರುದಿನಕ್ಕೂ ಪುಂಡಿಪಲ್ಯವೇ ಎಂದು ಅವರು ಹೇಳಿದಾಗ ಕಾಕಾ, “ಐದು ಮಂದಿ ಕಲಾವಿದರು ಕೂಡಾಕತ್ತಾರ, ಮೆನು ನೋಡ್ರಿ,” ಎಂದು ನಕ್ಕರು.

ಭಾನುವಾರ ಮೊದಲು ನುಡಿಸಿದವರು ಯಾದಯ್ಯ. ನಾಚಾರಂನಲ್ಲಿ ಲೇತ್ ಮಷೀನು ಇಟ್ಟುಕೊಂಡಿರುವವರು, ತಮ್ಮ ಉಕ್ಕಿನ ತುಂಡನ್ನು ತಾವೇ ಕಡೆದುಕೊಂಡವರು. ಅವರ ಹಾಡಿಗೆ ಮದುವೆ ಬ್ಯಾಂಡಿನ ಗತ್ತು. ಆಮೇಲೆ ನಗರದ ಇನ್ನಿಬ್ಬರು ನುಡಿಸಿದರು, ನಂತರ ನಾನು. ನನ್ನದು ಮುಗಿದಾಗ ಯಾದಯ್ಯ ನನ್ನ ಎಡಗೈ ಮಣಿಕಟ್ಟನ್ನು ತೋರಿಸಿ ಅದನ್ನು ಇನ್ನೂ ಸಡಿಲ ಬಿಡಬೇಕೆಂದರು. ಹನ್ನೆರಡು ವರ್ಷದಿಂದ ಯಾರೂ ನನ್ನ ತಪ್ಪು ತಿದ್ದಿರಲಿಲ್ಲ. ಕಣ್ಣು ಒದ್ದೆಯಾಯಿತು.

ಹನ್ನೊಂದು ನಲವತ್ತಕ್ಕೆ ವೀರಭದ್ರಪ್ಪನವರು ಗಿಟಾರನ್ನು ಆ ಆಂಪ್ಲಿಫೈಯರಿಗೆ ಜೋಡಿಸಿಕೊಂಡು ಕೂತರು. ಹಾಡನ್ನು ಮೂರು ಸುತ್ತು ನುಡಿಸುತ್ತಾರೆ, ಮೂರನೆಯದನ್ನು ಗುಂಪಿಗೆ ಎಂದೂ ಕಳಿಸಿರಲಿಲ್ಲ. ಎದುರಿಗೆ ಕೇಳಿದರೇನೇ ಚಂದ ಅನ್ನುತ್ತಿದ್ದರು. ಸ್ವರ ನಡುಗಿಸಲೆಂದು ಉಕ್ಕಿನ ಕೈ ಅಲುಗಾಡಿಸುವುದು ಅವರಿಗೆ ಹಿಡಿಸದು. ಸ್ವರ ನೆಟ್ಟಗೆ ನಿಲ್ಲುತ್ತಿತ್ತು, ಪಕ್ಕದಲ್ಲಿ ಯಾರೋ ಮಾತಾಡದೆ ಕೂತ ಹಾಗೆ. ಎರಡನೇ ಸುತ್ತಿನ ಕೊನೆಯ ಸ್ವರವನ್ನು ಮೀಟಿ, ಅದು ಇನ್ನೂ ಮೊಳಗುತ್ತಿರುವಾಗಲೇ ಏನೋ ಹೇಳಲು ಬಲಗೈ ಚಾಚಿ ಮೈಕಿನ ಕಬ್ಬಿಣದ ಸ್ಟ್ಯಾಂಡನ್ನು ಹಿಡಿದರು. ಎಡಗೈಯ ಉಕ್ಕು ತಂತಿಗಳ ಮೇಲೇ ಇತ್ತು.

ಸ್ವರ ನಡುಗತೊಡಗಿತು. ಸಣ್ಣದಾಗಿ, ತೀರ ಬಿರುಸಾಗಿ. ಅಂಥ ಕಂಪನವನ್ನು ನಾನು ಯಾವ ವಾದ್ಯದಲ್ಲೂ ಕೇಳಿಲ್ಲ. ನಾನು ಕಣ್ಣು ಮುಚ್ಚಿದೆ. ಯಾದಯ್ಯ ಮೆಲ್ಲಗೆ, “ಕ್ಯಾ ಬಾತ್ ಹೈ,” ಎಂದರು. ನಾಲ್ಕು ಜನ ವಾದ್ಯಗಾರರು ಹಾಗೆ ತಲೆದೂಗುತ್ತ ಕೂತಿದ್ದೆವು.

ಅಡುಗೆಮನೆಯಿಂದ ಶಾಂತಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಗಂಡನ ಮುಖವನ್ನೂ ನೋಡದೆ ಬಾಗಿಲ ಪಕ್ಕದ ಮೇನ್ ಸ್ವಿಚ್ ಕೆಳಗೆಳೆದರು. ಫ್ಯಾನು ನಿಧಾನವಾಯಿತು. ಕಾಕಾ ಗಿಟಾರಿನೊಂದಿಗೆ ಪಕ್ಕಕ್ಕೆ ಉರುಳಿದರು. ಕರೆಂಟು ಹೊಡೆದ ಎಡಗೈ ಉಕ್ಕನ್ನು ಇನ್ನೂ ಬಿಗಿಹಿಡಿದಿತ್ತು. ಯಾದಯ್ಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಆಟೋದಲ್ಲಿ ಆಸ್ಪತ್ರೆಗೆ ಹತ್ತು ನಿಮಿಷ. ಕಾಕಾ ಉಸಿರಾಡುತ್ತಿದ್ದರು, ಮಾತಿರಲಿಲ್ಲ. ಎದೆಯ ಬಡಿತ ತಪ್ಪಿದೆ, ನಾಳೆಯವರೆಗೆ ಏನೂ ಹೇಳಲಾಗದು ಎಂದರು ವೈದ್ಯರು. ಹೊರಗಿನ ಬೆಂಚಿನ ಮೇಲೆ ಶಾಂತಕ್ಕನ ಪಕ್ಕ ಕೂತೆ. ಅವರ ಉಗುರುಗಳಲ್ಲಿ ಹಿಟ್ಟು ಒಣಗಿತ್ತು. ಅದನ್ನು ಕೆರೆಯುತ್ತ ಕೇಳಿದರು: “ನಿಮಗ್ಯಾರಿಗೂ ತಿಳೀಲಿಲ್ಲೇನವಾ? ಅವ್ರ ಕೈ ಎಂದಾರ ಹಂಗ ನಡುಗತೈತೇನ?”

ಸಂಗೀತ ಬಲ್ಲವರು ನಾವು. ಹಸಿರು ತಂತಿ ಬಿಚ್ಚಿದ್ದು ಯಾಕೆಂದು ಯಾದಯ್ಯ ತಮ್ಮಷ್ಟಕ್ಕೆ ಬಯ್ದುಕೊಳ್ಳುತ್ತಿದ್ದರು. ಬಿಚ್ಚಿಸಿದ ಮಾತು ನನ್ನದೆಂದು ಹೇಳದೆ ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.

ಸೋಮವಾರ ಮಧ್ಯಾಹ್ನ ಕಾಕಾ ಕಣ್ಣು ತೆರೆದು ಚಹಾ ಕೇಳಿದರು. ಬಡಿತ ಸರಿಹೋಗಿತ್ತು. ಎಡಗೈಗೆ ಪಟ್ಟಿ ಕಟ್ಟಿದ್ದರು. ಎರಡು ಬೆರಳಿನ ವಿಷಯ ಈಗಲೇ ಹೇಳುವಂತಿಲ್ಲ ಎಂದಿದ್ದರು ವೈದ್ಯರು. ಅರ್ಥಿಂಗ್ ಯಾಕೆ ತೆಗೆದಿರಿ ಎಂದು ಡ್ಯೂಟಿ ಡಾಕ್ಟರು ಗದರಿದಾಗ, “ಸಪ್ಪಳ ಬರಾಕತ್ತಿತ್ತ್ರಿ,” ಎಂದಷ್ಟೇ ಹೇಳಿದರು. ನನ್ನ ಕಡೆ ನೋಡಲೂ ಇಲ್ಲ. ಶಾಂತಕ್ಕ ಔಷಧಿ ತರಲು ಹೋದಾಗ, ಮೈಕು ಹಿಡಿದು ಏನು ಹೇಳಬೇಕೆಂದಿದ್ದಿರಿ ಎಂದು ಕೇಳಿದೆ.

“ಏನಿಲ್ಲವಾ. ಒಲಿ ಆರಿಸಿ ಆಕೀನೂ ಬಂದು ಕುಂದರಲಿ ಅಂತ ಕರೆಯಾವ ಇದ್ದೆ. ಮೂರನೇದ್ದು ಆಕೀದು.”

ಮಂಗಳವಾರ ಬೀದರಿಗೆ ಬಸ್ಸು ಹತ್ತಿದೆ. ಪಟಾನ್‌ಚೆರು ದಾಟುವವರೆಗೂ ಹಿಂದಿನ ಕಿಟಕಿಯತ್ತ ತಿರುಗಿ ತಿರುಗಿ ನೋಡುತ್ತಿದ್ದೆ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಸ್ವರ. ಭಯಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ನೆನಪಿನಲ್ಲಿ ಅದು ಈಗಲೂ ಇಂಪಾಗಿಯೇ ಕೇಳುತ್ತದೆ. ದಿನ ಬಿಟ್ಟು ದಿನ ಫೋನು ಮಾಡಿ ಕಾಕಾನ ಆರೋಗ್ಯ ವಿಚಾರಿಸುತ್ತಿದ್ದೆ. ಹೇಳಬೇಕಾದ ಮಾತೊಂದನ್ನು ಬಿಟ್ಟು ಬೇರೆಲ್ಲ ಆಡಿ ಫೋನು ಇಡುತ್ತಿದ್ದೆ.

ಆ ಭಾನುವಾರ ಕಳೆದು ಹತ್ತೊಂಬತ್ತನೇ ದಿನ, ಶುಕ್ರವಾರ. ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಫೋನು ಮಾಡಿದೆ. ಶಾಂತಕ್ಕ ಎತ್ತಿದರು. ಒಂದು ಬೆರಳು ಮಡಚಲು ಬಂದಿದೆ, ಇನ್ನೊಂದು ಇನ್ನೂ ಜೋಮು. ಕಾಕಾ ನುಡಿಸಲು ಕೂತರೆ ಉಕ್ಕು ಜಾರಿ ಜಾರಿ ಬೀಳುತ್ತದೆ, ದಿನಾ ಹೆಕ್ಕಿಕೊಡುವುದೇ ತಮ್ಮ ಕೆಲಸ ಎಂದರು.

“ಕಾಕಿ,” ಎಂದೆ, “ಸಪ್ಪಳ ಬರ್ಲಿಕತ್ತದ ಅಂತ ಅವತ್ತ ಹೇಳ್ದಾಕಿ ನಾನು.”

ಆ ಕಡೆ ಕುಕ್ಕರು ಸೀಟಿ ಹೊಡೆಯಿತು. ಅವರು ಹೋಗಿ ಒಲೆ ಆರಿಸಿ ಬಂದರು.

“ಗೊತ್ತೈತಿ. ಅಡಗಿಮನಿಯಾಗ ಕೇಳಸ್ತಿತ್ತು.”

“ಮತ್ತ ಒಂದ ಮಾತೂ ಅನ್ನಲಿಲ್ಲಲ್ಲ ನೀವು.”

“ಏನನ್ಲಿ? ನೀ ಅಂದಿ, ಅವರು ಬಿಚ್ಚಿದ್ರು. ಮೂವತ್ತಾರು ವರ್ಷ ಮತ್ತೊಬ್ಬರಿಗೆ ಬಿಚ್ಚಬ್ಯಾಡ್ರಿ ಅಂತ ಹೇಳಿದ ಮನಶ್ಯಾ. ಬೈದಿದ್ರ ಇಬ್ಬರಿಗೂ ಕೂಡೇ ಬೈಬೇಕಿತ್ತು, ಅವರು ಆಗ ದವಾಖಾನಿಯಾಗ ಮಲಗಿದ್ರು. ನೀ ಹೇಳ್ತೀಯೋ ಇಲ್ಲೋ ಅಂತ ದಾರಿ ಕಾಯಾಕತ್ತಿದ್ದೆ ತಂಗಿ,” ಎಂದರು. “ಊಟ ಮಾಡೀಯೇನು?”

ಇಲ್ಲ ಎಂದೆ. ಮೊದಲು ಉಣ್ಣು ಎಂದು ಫೋನು ಇಟ್ಟರು. ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡೆ. ಒಂಬತ್ತಕ್ಕೆಲ್ಲ ಮಲಗಿದೆ. ಕಣ್ಣು ಬಿಟ್ಟಾಗ ಶನಿವಾರದ ಬಿಸಿಲು ಹಾಸಿಗೆಯವರೆಗೂ ಬಂದಿತ್ತು, ಶಾಲೆಗೆ ತಡವಾಗಿತ್ತು.