ಚುನಿಯಾ ಅತ್ತೆಯ ಗಂಡನ ಕೆಮ್ಮು

ನೌಸೋರಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ನಿಂತಿರುತ್ತಿದ್ದ ರಾಮ್‌ಜತನನನ್ನು ನೋಡಿ ಯಾರೂ ನಕ್ಕದ್ದಿಲ್ಲ. ಒಣಕಲು ಮೈ, ಪೊದೆ ಮೀಸೆ, ಸಾಲ ಕೇಳಲು ಬಂದವನಂಥ ಮುಖ. ಆದರೆ ಬುಧವಾರ ಸಂಜೆ ಅವನು ಬಸ್ಸು ಹತ್ತಿ ಸುವಾದ ರೇಡಿಯೋ ನಿಲಯಕ್ಕೆ ಹೋಗಿ ಮೈಕಿನ ಮುಂದೆ ನಿಂತನೆಂದರೆ, ಫಿಜಿಯಲ್ಲಿ ನೆಲೆಸಿದ ಭಾರತದ ನಮ್ಮವರ ಮನೆಗಳಲ್ಲೆಲ್ಲ ರೊಟ್ಟಿ ಲಟ್ಟಿಸುವ ಕೈಗಳು ನಿಂತುಬಿಡುತ್ತಿದ್ದವು. ಆಗ ಅವನು ಜತನ್ ಅಲ್ಲ, ಚುನಿಯಾ ಅತ್ತೆ. ಹಾಲಿನವನಿಂದ ಹಿಡಿದು ಮಂತ್ರಿಯವರೆಗೆ ಯಾರ ನೀರನ್ನಾದರೂ ಇಳಿಸಬಲ್ಲ ಬಜಾರಿ.

ಆ ಪಾತ್ರ ಅವನಿಗೆ ಸಿಕ್ಕಿದ್ದು ರೇವಾ ನದಿಯ ದಯೆಯಿಂದ. ರೇಡಿಯೋ ನಾಟಕದಲ್ಲಿ ಪೊಲೀಸಿನವನಾಗಿ ಒಂದೇ ಒಂದು ಮಾತು ಆಡಲು ಹೋಗಿದ್ದ ದಿನ ನದಿ ಉಕ್ಕಿತು, ಅತ್ತೆಯಾಗಬೇಕಿದ್ದ ಹೆಂಗಸು ಆಚೆ ದಡದಲ್ಲೇ ಉಳಿದಳು. ನಿರ್ದೇಶಕರು ಹಾಳೆಯನ್ನು ಜತನನ ಕೈಗೆ ತುರುಕಿದರು. ಅಂಗಡಿಗೆ ಬಂದು ಚೌಕಾಸಿ ಮಾಡುವ ಹೆಂಗಸರ ಬಾಯನ್ನು ದಿನವಿಡೀ ಕೇಳುತ್ತಿದ್ದವನಿಗೆ ಅದೇನು ಮಹಾ! ಆ ಹೆಂಗಸು ಮುಂದಿನ ವಾರ ಬಂದಾಗ ಅತ್ತೆಯ ಪಾತ್ರ ಕೈತಪ್ಪಿತ್ತು.

ನಾಟಕದಲ್ಲಿ ಅತ್ತೆಯ ಗಂಡನಾಗುತ್ತಿದ್ದವನು ಕುಪ್ಪುಸ್ವಾಮಿ. ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಜತನನ ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಬಾಡಿಗೆಗಿದ್ದ. ಅವನ ಪಾತ್ರಕ್ಕೆ ಮಾತು ಇರಲಿಲ್ಲ, ಕೆಮ್ಮು ಮಾತ್ರ ಇತ್ತು. ಅತ್ತೆ ಉದ್ದಕ್ಕೆ ಬೈದು, ಕೊನೆಗೆ "ಹೋಗಿ ಸಾಯಿ, ಮುದುಕಪ್ಪ!" ಅನ್ನಬೇಕು, ಒಂದು ಗಳಿಗೆ ಬಿಟ್ಟು ಅವನು ಕೆಮ್ಮಬೇಕು. ಆ ಒಂದೇ ಕೆಮ್ಮಿನಲ್ಲಿ "ಆಯ್ತು ಮಾರಾಯ್ತಿ" ಅನ್ನುವುದೂ ಇರುತ್ತಿತ್ತು, "ನಿನ್ನ ಬಾಯಿಗೆ ಮಣ್ಣು ಹಾಕ" ಅನ್ನುವುದೂ ಇರುತ್ತಿತ್ತು. ಜನ ನಗುತ್ತಿದ್ದುದು ಅತ್ತೆಯ ಬೈಗುಳಕ್ಕಲ್ಲ, ಆ ಕೆಮ್ಮಿಗೆ. ಜತನನಿಗೆ ಇದು ಗೊತ್ತಿತ್ತು. ಹೊಟ್ಟೆಕಿಚ್ಚೂ ಇತ್ತು, ಹೆಮ್ಮೆಯೂ ಇತ್ತು.

ದೇಶಕ್ಕೆ ಟಿವಿ ಬಂದಾಗ ಇಬ್ಬರನ್ನೂ ಕರೆದರು. ಜತನ್ ಮೀಸೆ ಬೋಳಿಸಿ ಸೀರೆ ಉಟ್ಟ. ಜನ ಒಪ್ಪಲಿಲ್ಲ. "ನಮ್ಮ ಅತ್ತೆ ದಪ್ಪಗೆ, ಕೆಂಪಗೆ ಇದಾಳೆ. ಈ ಒಣಮೀನು ಯಾರು?" ಎಂದು ದೂರುಗಳು ಬಂದವು. ನಾಲ್ಕಾರು ವಾರಕ್ಕೇ ಕಾರ್ಯಕ್ರಮ ನಿಂತಿತು. ಆಮೇಲೆ ಟಿವಿಯಲ್ಲಿ ಅವನು ಕಾಣಿಸಿಕೊಂಡದ್ದು ಹಿಟ್ಟಿನ ಜಾಹೀರಾತಿನಲ್ಲಿ, ಮೂಟೆ ಹೊತ್ತ ಮೂಕನಾಗಿ.

"ಬಿಡು ಚುನಿಯಾ," ಎಂದು ಕುಪ್ಪುಸ್ವಾಮಿ ಸಮಾಧಾನ ಹೇಳಿದ. ಮೈಕಿನ ಹೊರಗೂ ಅವನು ಜತನನನ್ನು ಕರೆಯುತ್ತಿದ್ದುದು ಹಾಗೆಯೇ. "ಟಿವಿಗೆ ಬರೀ ಕಣ್ಣಿದೆ, ಕಿವಿ ಇಲ್ಲ. ನಡಿ, ನಮ್ಮನೆಗೇ ಹೋಗೋಣ." ಇಬ್ಬರೂ ರೇಡಿಯೋಕ್ಕೆ ಮರಳಿದರು. ಮೀಸೆಯೂ ಮರಳಿತು.

ಕುಪ್ಪುಸ್ವಾಮಿಗೆ ಒಂದೇ ಒಂದು ಭಯವಿತ್ತು. ಸಂಜೆ ಬೋಗುಣಿಯಲ್ಲಿ ಮಂಪರು ತರಿಸುವ ಯಂಗೋನಾ ಬೇರಿನ ಪುಡಿಯನ್ನು ನೀರಿಗೆ ಕಲಸಿಕೊಂಡು ಕುಡಿಯುತ್ತ ಕೂತಾಗ ಹೇಳುತ್ತಿದ್ದ: "ನಾನು ಸತ್ರೆ ಹೊರೋಕೆ ನಾಲ್ಕು ಹೆಗಲು ಸಿಗುತ್ತೇನೋ? ನಿಂದೊಂದು. ಬಸ್ ಓಡಿಸೋ ಅಪಿಸಾಯಿದೊಂದು. ಇನ್ನೆರಡು?"

"ರೇಡಿಯೋದಲ್ಲಿ ಹೇಳಿಸ್ತೀನಿ ಕುಪ್ಪಣ್ಣ. ಊರಿಗೆ ಊರೇ ಬರುತ್ತೆ."

"ಬರ್ತಾರೆ, ಬರ್ತಾರೆ. ಟಿಕೆಟ್ ಹರಿಯೋನು ಸತ್ತ, ಇವತ್ತು ಸಿನಿಮಾ ಪುಕ್ಕಟೆ ಅಂತ."

ಈ ಮಾತಿನಿಂದಲೇ ಜತನನಿಗೆ ಒಂದು ಕಥೆ ಹೊಳೆಯಿತು. ಅತ್ತೆಯ ತವರಿನ ಮದುವೆಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಮುದುಕಪ್ಪ ಸತ್ತಂತೆ ನಟಿಸುತ್ತಾನೆ. ರೇಡಿಯೋದಲ್ಲಿ ದಿನಾ ಊರವರ ಸಾವಿನ ಸುದ್ದಿ ಓದುವ ಹಸೀನಾ ಬೀಬಿಯೇ ತನ್ನ ಗಂಭೀರ ದನಿಯಲ್ಲಿ ಅವನ ಸಾವನ್ನೂ ಓದಿದಳು. ಅತ್ತೆ ಗೋಳೋ ಎಂದು ಅತ್ತು, ಅನುಮಾನ ಬಂದು ಚಿವುಟಿದಳು. ಹೆಣ ಕೆಮ್ಮಿತು. ಜನ ಬಿದ್ದು ಬಿದ್ದು ನಕ್ಕರು. ಅರ್ಧದಲ್ಲಿ ರೇಡಿಯೋ ಹಾಕಿದ ಕೆಲವರಂತೂ ಸಾವಿನ ಮನೆಗೆ ಒಯ್ಯುವ ಯಂಗೋನಾ ಬೇರಿನ ಕಟ್ಟು ಹಿಡಿದು ದುಃಖ ಹಂಚಿಕೊಳ್ಳಲು ನಿಲಯಕ್ಕೇ ಬಂದು, ಬೇಸ್ತು ಬಿದ್ದು, ಬೈದು ಹೋದರು.

ಅದಾದ ವರ್ಷದೊಳಗೆ ಕುಪ್ಪುಸ್ವಾಮಿ ನಿಜವಾಗಿ ಸತ್ತ. ಬೆಳಿಗ್ಗೆ ಚಹಾ ಕೊಡಲು ಹೋದ ಜತನನ ಹೆಂಡತಿ ಸುಖವಂತಿ ಲೋಟವನ್ನು ಹಾಗೇ ಹಿಡಿದುಕೊಂಡು ವಾಪಸು ಬಂದಳು.

ಮಧ್ಯಾಹ್ನ ಹಸೀನಾ ಬೀಬಿ ಸುದ್ದಿ ಓದಿದಳು. ಹೆಸರು, ಊರು, ನಾಳೆ ಎಷ್ಟು ಹೊತ್ತಿಗೆ ಮನೆಯಿಂದ ಹೊರಡುವುದು, ಎಲ್ಲ. ಜತನ್ ಅಂಗಳಕ್ಕೆ ತಗಡಿನ ಚಪ್ಪರ ಹಾಕಿಸಿ, ಚಾಪೆ ಹಾಸಿ, ಬಂದವರಿಗೆಂದು ದೊಡ್ಡ ಬೋಗುಣಿಯಲ್ಲಿ ಯಂಗೋನಾ ತುಂಬಿಸಿ ಕಾದ. ಸಂಜೆಗೆ ಅಪಿಸಾಯಿ ಒಬ್ಬನೇ ಬಂದ. ಫಿಜಿಯ ಮೂಲನಿವಾಸಿಗಳಾದ ತನ್ನವರ ಪದ್ಧತಿಯಂತೆ ಹೆಣೆದ ಹೊಸ ಚಾಪೆಯೊಂದನ್ನು ಸತ್ತವನ ಕಾಲ ಬಳಿ ಇಟ್ಟು ತಲೆ ತಗ್ಗಿಸಿ ಕೂತ.

"ಉಳಿದೋರು ಎಲ್ಲಿ ಅಪಿಸಾಯಿ?"

"ಬಸ್ಸಲ್ಲೆಲ್ಲ ನಗ್ತಿದಾರೆ ಅಣ್ಣ. ಹೋದ ಸಲಾನೂ ಹಸೀನಾನೇ ಓದಿದ್ದು, ಈ ಸಲ ಬೇಸ್ತು ಬೀಳಲ್ಲ ಅಂತಾರೆ. ನಾನು ಆಣೆ ಇಟ್ಟು ಹೇಳಿದೆ. ನಿಂಗೂ ಪಾರ್ಟು ಕೊಟ್ರಾ ಅಂದ್ರು."

ಜತನ್ ಖಾಲಿ ಚಾಪೆಗಳನ್ನು ನೋಡಿದ. ಗೆಳೆಯನ ಭಯವನ್ನೇ ತಮಾಷೆ ಮಾಡಿ ನಾಡಿಗೆಲ್ಲ ಹಂಚಿದವನು ತಾನೇ ಅಲ್ಲವೇ? ತನ್ನ ಕೈಯಾರೆ ಅವನನ್ನು ಹೊರುವ ಹೆಗಲುಗಳನ್ನು ಓಡಿಸಿದ್ದ.

ಬೆಳಗಾಗುತ್ತಲೇ ಅಂಗಿ ತೊಟ್ಟು ರೇಡಿಯೋ ನಿಲಯಕ್ಕೆ ಹೊರಟವನನ್ನು ಸುಖವಂತಿ ತಡೆದಳು. "ಮನೇಲಿ ಹೆಣ ಇಟ್ಕೊಂಡು ಆ ಹೆಂಗಸಿನ ದನಿ ತೆಗೀಬೇಡಿ ರೀ. ಪಾಪ ಸುತ್ಕೊಳ್ಳುತ್ತೆ."

"ಇಲ್ಲ ಕಣೇ. ನನ್ನ ದನೀಲೇ ಹೇಳ್ತೀನಿ."

ಹಾಗೇ ಶುರುವೂ ಮಾಡಿದ. ಬೆಳಗಿನ ಸಾವಿನ ಸುದ್ದಿಯ ಹೊತ್ತಿಗೆ ಹಸೀನಾ ಬೀಬಿ ಮೈಕು ಬಿಟ್ಟುಕೊಟ್ಟಳು. "ನಮಸ್ಕಾರ. ನಾನು ರಾಮ್‌ಜತನ್..." ಆ ಸಪ್ಪೆ ದನಿ ಅವನ ಕಿವಿಗೇ ಅಪರಿಚಿತವಾಗಿತ್ತು. ಯಾವ ರಾಮ್‌ಜತನ್? ಹಿಟ್ಟಿನ ಮೂಟೆಯವನೇ? ಗಾಜಿನಾಚೆ ಕೂತ ಹಸೀನಾ ಕಣ್ಣೊರೆಸಿಕೊಳ್ಳುತ್ತಲೇ ಈ ದನಿ ಆಗದೆಂದು ತಲೆಯಾಡಿಸಿದಳು. ಜತನ್ ನಿಲ್ಲಿಸಿದ. ಕುಪ್ಪಣ್ಣ ಕ್ಷಮಿಸು ಎಂದುಕೊಂಡು ಗಂಟಲು ಸರಿಮಾಡಿಕೊಂಡ.

"ಏ, ನಗೋದು ನಿಲ್ಸಿ! ನಾನು ಚುನಿಯಾ. ನನ್ನ ಮುದುಕಪ್ಪ ನಿಜವಾಗ್ಲೂ ಹೋದ ಕಣ್ರೋ. ಅಂಗಳದ ತುಂಬ ಚಾಪೆ ಹಾಸಿ ಕೂತಿದೀನಿ, ಒಂದು ನಾಯೀನೂ ಬಂದಿಲ್ಲ. ಇಷ್ಟು ವರ್ಷ ದಿನಾ ಸಾಯಿ ಸಾಯಿ ಅಂತ ಬೈದೆ. ಒಂದು ದಿನಾನಾದ್ರೂ ನನ್ನ ಮಾತು ಕೇಳಿದ್ನಾ? ನಿನ್ನೆ ಕೇಳ್ಬಿಟ್ಟ! ನಂಬಲ್ವಾ? ಕೇಳಿಸ್ಕೊಳ್ಳಿ ಹಾಗಾದ್ರೆ. ಹೋಗಿ ಸಾಯಿ, ಮುದುಕಪ್ಪ!"

ಅಭ್ಯಾಸಬಲದಿಂದ ಜತನ್ ಆ ಒಂದು ಗಳಿಗೆ ಬಿಟ್ಟ.

ಕೆಮ್ಮು ಬರಲಿಲ್ಲ.

ಅಡುಗೆಮನೆಗಳಲ್ಲಿ, ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ಜನ ಆ ಕೆಮ್ಮಿಗಾಗಿ ಕಾದರು. ಅದು ಬರುವುದಿಲ್ಲವೆಂದು ತಿಳಿದಾಗ ಹೆಂಗಸರು ಒಲೆ ಆರಿಸಿ ತಲೆಗೆ ಸೆರಗು ಹಾಕಿಕೊಂಡರು.

ಜತನ್ ಮನೆ ತಲುಪುವಷ್ಟರಲ್ಲಿ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋಲೂರಿಕೊಂಡು ಬಂದ ಮುದುಕಿಯೊಬ್ಬಳು ಎಲ್ಲರನ್ನೂ ತಳ್ಳಿಕೊಂಡು ಕೇಳುತ್ತಿದ್ದಳು: "ಚುನಿಯಾ ಎಲ್ಲಪ್ಪಾ? ಪಾಪ, ಒಬ್ಬಳೇ ಏನು ಮಾಡ್ತಿದಾಳೋ."

"ನಾನೇ ಅಮ್ಮಾ," ಎಂದ ಜತನ್.

ಅವಳು ಅವನ ಮೀಸೆ ನೋಡಿ, "ನಿನ್ನನ್ನ ಯಾರಪ್ಪ ಕೇಳಿದ್ರು?" ಎಂದು ರೇಗಿದಳು.

"ಈಗ ಬಂದ್ಯಾ ಅಕ್ಕಾ?" ಎಂದಿತು ಚುನಿಯಾಳ ದನಿ. ಮುದುಕಿ ಕೋಲು ಬಿಟ್ಟು ಅವನನ್ನು ತಬ್ಬಿಕೊಂಡಳು. ನಿನ್ನೆಯಿಂದ ಕಲ್ಲಾಗಿ ಕೂತಿದ್ದ ಜತನ್ ಆಗ ಅತ್ತ. ಯಾರ ದನಿಯಲ್ಲಿ ಅತ್ತನೋ, ಅವನಿಗೂ ಗೊತ್ತಾಗಲಿಲ್ಲ.

ಚಟ್ಟ ಎತ್ತುವ ಹೊತ್ತಿಗೆ ಎಷ್ಟು ಹೆಗಲುಗಳು ನುಗ್ಗಿದವೆಂದರೆ ಜತನನಿಗೇ ಜಾಗ ಸಿಗಲಿಲ್ಲ. ಗೆಳೆಯ ಎಣಿಸಿಟ್ಟ ಮೊದಲ ಹೆಗಲು ಅವನದೇ. ಆದರೆ ಹಿಂದೆ ಹಿಂದೆ ಬಿದ್ದ, ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಅತ್ತೆಯೇ ಬರಬೇಕಾಯಿತು.

"ಸರೀರೋ ಆಚೆ! ಅವನು ನನ್ನ ಗಂಡ!"

ಗುಂಪು ಥಟ್ಟನೆ ನಿಂತಿತು. ಯಾವನೋ ಒಬ್ಬ ಕಣ್ಣೊರೆಸಿಕೊಳ್ಳುತ್ತಲೇ ಕೆಣಕಿದ: "ಅತ್ತೇ, ಹೆಂಡ್ತಿ ಹೆಗಲು ಕೊಡೋದು ಎಲ್ಲಾದ್ರೂ ಉಂಟಾ?"

"ಇಷ್ಟು ವರ್ಷ ಕೊಟ್ಟಿದೀನಿ. ಇನ್ನು ನಾಲ್ಕು ಹೆಜ್ಜೆಗೆ ನಿನ್ನ ಅಪ್ಪಣೆ ಬೇಕೇನೋ?"

ಜನ ನಕ್ಕರು, ಅತ್ತರು, ದಾರಿ ಬಿಟ್ಟರು. ಜತನ್ ಬಿದಿರಿನ ಕೆಳಗೆ ಹೆಗಲು ಕೊಟ್ಟ.