ಹುಲಿಯದಲ್ಲದ ಹಲ್ಲು

ನಿನ್ನೆ ಮೊಮ್ಮಗಳೊಂದಿಗೆ ಹೋದ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಒಂದು ಹಲ್ಲು ಕಂಡೆ. ಬೆರಳುದ್ದ, ಬಾಗಿದ್ದು, ಅಂಚಿಗೆ ಕುಡುಗೋಲಿನಂತೆ ಸಣ್ಣ ಕಚ್ಚು.

ಥೇಟ್ ಅಂಥದ್ದನ್ನೇ ಮುರಗೋಡದ ನಮ್ಮ ಮನೆಯಲ್ಲಿ ಕೂಸು ಅಂಜಬಾರದೆಂದು ತೊಟ್ಟಿಲಿಗೆ ಕಟ್ಟುತ್ತಿದ್ದರು. "ನಮ್ಮಪ್ಪ ಹೊಡದ ಹುಲೀದ್ರಿ ಇದು" ಎಂದು ಅಜ್ಜ ಬಂದವರೆದುರು ಮೀಸೆ ತಿರುವುತ್ತಿದ್ದ. ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕಿದ ದಿನ ಬೀಗರಿಗೂ ಅದನ್ನೇ ಹೇಳಿದ. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅವನ ಅಕ್ಕ ನಕ್ಕುಬಿಟ್ಟಳು.

"ಯಾ ಹುಲಿ ತಮ್ಮಾ? ಅಪ್ಪ ಹೊಟ್ಟಿಪಾಡಿಗೆ ಜಬಲಪುರಕ್ಕ ಹೋಗಿ ಸಾಹೇಬನ ಕೈಕೆಳಗ ನೆಲದಾಗಿನ ಎಲುಬು ಅಗೀತಿದ್ದ. ಆ ಎಲುಬಿನ ರಾಶ್ಯಾಗಿಂದು ಇದು. ಕಲ್ಲಾಗೇತಿ ನೋಡು."

ಎಲುಬು ಮುಟ್ಟಿದವರ ಮನೆ! ಬೀಗರ ಮುದುಕಿ ಮೈಲಿಗೆಯಾಯಿತೆಂದು ಹಲ್ಲು ಬಿಚ್ಚಿ ಹೊಸ್ತಿಲಾಚೆ ಇಟ್ಟು, ತೊಟ್ಟಿಲಿಗೆ ನೀರು ಚಿಮುಕಿಸಿದಳು. ನನಗೆ ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು. ಅಜ್ಜ ತಲೆ ಎತ್ತಲಿಲ್ಲ. ಸಂಜೆ ಹಲ್ಲನ್ನು ಊರಾಚೆಯ ಹಾಳುಬಾವಿಗೆ ಎಸೆದು ಬಂದ. ಆಮೇಲೆ ಮನೆಯಲ್ಲಿ ಯಾರೂ ಮುತ್ತಜ್ಜನ ಸುದ್ದಿಯನ್ನೇ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಗಾಜಿನ ಕೆಳಗೆ ಬರೆದಿತ್ತು: ಮಾಂಸಾಹಾರಿ ಡೈನೋಸಾರ್, ಜಬಲಪುರ, ಹೋದ ಶತಮಾನದ ಆರಂಭದ ಅಗೆತ. ಭೂಮಿಯ ಮೇಲೆ ಹುಲಿ ಹುಟ್ಟುವುದಕ್ಕೂ ಕೋಟ್ಯಂತರ ವರ್ಷ ಮೊದಲಿನ ಹಲ್ಲು. ಅಗೆಸಿದ ಸಾಹೇಬನ ಹೆಸರಿತ್ತು, ಅಗೆದವರದಿರಲಿಲ್ಲ.

"ಇದನ್ನ ಯಾರು ಅಗದು ತಗದ್ರು ಆಯಿ?" ಮೊಮ್ಮಗಳು ಕೇಳಿದಳು.

"ನಮ್ಮ ಮುತ್ತಜ್ಜನಂಥವರು."

"ಅವರ ಹೆಸರೇನು?"

ನಾನು ಮತ್ತೆ ಗಾಜಿನ ಕಡೆ ತಿರುಗಿದೆ. ನನಗೂ ಗೊತ್ತಿರಲಿಲ್ಲ.