ಹ್ಯಾಂಡಲ್ ಯಾವ ಕಡೆಗೆ?

ಜಯರಾಮನ ಬಲಗೈ ಮೊದಲು ಸೋತದ್ದು ಅಂಗಿಯ ಗುಂಡಿಗೆ. ಆಮೇಲೆ ಕಾಫಿ ಲೋಟಕ್ಕೆ, ಆಮೇಲೆ ಕಾರಿನ ಸ್ಟೇರಿಂಗಿಗೆ. ಡಾಕ್ಟರು ಕಾಯಿಲೆಗೆ ಉದ್ದದ ಹೆಸರೊಂದನ್ನು ಹೇಳಿ, ಮೈಯ ಬಲ ಹೀಗೇ ಇಳಿಯುತ್ತ ಹೋಗುತ್ತದೆ, ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ ಎಂದರು. ಹೆಂಡತಿ ಉಮಾವತಿ ಎಲ್ಲವನ್ನೂ ಕೇಳಿಸಿಕೊಂಡಳು, ಒಂದನ್ನೂ ಒಪ್ಪಲಿಲ್ಲ. ಅವನು ಎತ್ತಬಲ್ಲಂಥ, ಮೀನು ಹಿಡಿಯುವ ಹಗುರವಾದ ಫ್ಲೈ ರಾಡ್ ಒಂದು ಸಿಕ್ಕಿದರೆ ಸಾಕು, ಅಕ್ಟೋಬರಿನಲ್ಲಿ ಮತ್ತೆ ಕರ್ನ್ ನದಿಯ ನೀರಿನಲ್ಲಿ ನಿಂತೇ ನಿಲ್ಲುತ್ತಾನೆ ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡಿದ್ದಳು.

ಮಲ್ಪೆಯ ಕಡಲ ದಂಡೆಯಲ್ಲಿ ಹುಟ್ಟಿದವನಿಗೆ ಹೊಳೆಮೀನಿನ ಹುಚ್ಚು ಹಿಡಿದದ್ದು ಕಡಲಾಚೆ ಬರ್ಬ್ಯಾಂಕಿಗೆ ಬಂದ ಮೇಲೆ. ಸ್ಟುಡಿಯೋ ಒಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಜೊತೆಯವನೊಬ್ಬ ಒಂದು ಭಾನುವಾರ ಟ್ರೌಟ್ ಹಿಡಿಯಲು ಕರೆದುಕೊಂಡು ಹೋದ, ಅಲ್ಲಿಗೆ ಭಾನುವಾರಗಳೆಲ್ಲ ಹೊಳೆಪಾಲಾದವು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾನೆಂದು ಗೊತ್ತಾದಾಗ ಊರಿನ ಚಿಕ್ಕಪ್ಪ ಫೋನಿನಲ್ಲೇ ಗದರಿದ್ದರು, “ನಿನಗೆ ತಲೆ ಸರಿ ಉಂಟಾ?”

ಉಮಾವತಿಯದೂ ಅದೇ ರಾಗ. “ಸಾರಿಗೆ ಬೀಳದ ಮೀನಿಗೆ ಮೂರು ಗಂಟೆ ಡ್ರೈವ್ ಮಾಡುವವರು ನೀವೊಬ್ಬರೇ,” ಎನ್ನುತ್ತಲೇ ಜೊತೆಗೆ ಹೋಗುತ್ತಿದ್ದಳು. ದಡದ ಬಂಡೆಯ ಮೇಲೆ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಅವನು ಪ್ರತಿ ವರ್ಷ ಕರೆಯುತ್ತಿದ್ದ, “ಒಮ್ಮೆ ಇಳಿ ಮಾರಾಯ್ತಿ, ನೀರೇನು ಕಚ್ಚುವುದಿಲ್ಲ.” ಅವಳು ಪ್ರತಿ ವರ್ಷ, “ಮುಂದಿನ ವರ್ಷ ನೋಡುವ,” ಎನ್ನುತ್ತಿದ್ದಳು.

ಇಳಿಯದಿದ್ದರೂ ವಿದ್ಯೆಯೆಲ್ಲ ಕಿವಿಯಿಂದಲೇ ಬಂದಿತ್ತು. ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿ ನೊಣಕ್ಕೆ ತೂಕವೆಂಬುದೇ ಇಲ್ಲ. ಅದನ್ನು ದೂರಕ್ಕೆ ಒಯ್ಯುವುದು ಲೈನಿನ, ಎಂದರೆ ಗಾಳದ ದಾರದ ತೂಕ. ಆದ್ದರಿಂದ ನಾಲ್ಕನೇ ನಂಬರಿನ ರಾಡಿಗೆ ನಾಲ್ಕನೇ ನಂಬರಿನ ಲೈನೇ ಆಗಬೇಕು. “ಇವೆರಡಕ್ಕೂ ಜಾತಕ ಕೂಡಬೇಕು,” ಎಂದು ಅವನು ನಗುತ್ತಿದ್ದ. “ನಮ್ಮದನ್ನು ಯಾರೂ ಸರಿ ನೋಡಲಿಲ್ಲ. ಅದಕ್ಕೇ ನಾನು ನೀರಲ್ಲಿ, ನೀನು ದಡದಲ್ಲಿ.”

ಜಾತಕದಲ್ಲಿ ಕಾಣದ ಇನ್ನೊಂದು ಸಂಗತಿಯಿತ್ತು. ಉಮಾವತಿ ಎಡಗೈಯವಳು. ಉಡುಪಿಯ ತವರಿನಲ್ಲಿ ಆ ಕೈ ತಿಂದ ಪೆಟ್ಟು ಅಷ್ಟಿಷ್ಟಲ್ಲ. ಎಡಗೈಯಲ್ಲಿ ಬಡಿಸಬೇಡ, ಎಡಗೈಯಲ್ಲಿ ಕೊಡಬೇಡ, ಹುಡುಗನ ಕಡೆಯವರು ಬಂದಾಗಲಂತೂ ಸೆರಗಿನಿಂದ ಹೊರಗೇ ತೆಗೆಯಬೇಡ. ಮದುವೆಯಾದ ಮೇಲೆ ಜಯರಾಮ, “ಈ ಮನೆಯಲ್ಲಿ ಎರಡು ಕೈಗೂ ಪರ್ಮಿಶನ್ ಉಂಟು,” ಎಂದಿದ್ದ. ಆದರೂ ಮನೆಗೆ ನಾಲ್ಕು ಜನ ಬಂದರೆ ಸೌಟು ತಾನಾಗಿ ಬಲಗೈಗೆ ದಾಟುತ್ತಿತ್ತು, ಸಾರು ಬಟ್ಟಲಿನಿಂದಾಚೆ ಚೆಲ್ಲುತ್ತಿತ್ತು.

2024ರ ಆಗಸ್ಟಿನಲ್ಲಿ ಅವಳೇ ಅವನನ್ನು ರಾಡ್ ಮಾರುವ ಅಂಗಡಿಗೆ ಕರೆದೊಯ್ದಳು. ಸ್ಯಾನ್ ಡಿಯಾಗೋದಲ್ಲಿದ್ದ ಮಗಳು ಅಶ್ವಿತಾ ಫೋನಿನಲ್ಲಿ, “ಅಮ್ಮಾ, ಹಿ ಕಾಂಟ್ ಈವನ್ ಹೋಲ್ಡ್ ಎ ಸ್ಪೂನ್,” ಎಂದಾಗ, “ನೀನು ಸುಮ್ಮನಿರು,” ಎಂದು ಬಾಯಿ ಮುಚ್ಚಿಸಿದ್ದಳು.

ಅಂಗಡಿಯವನು ಹಳೆಯ ಪರಿಚಯದವನು. ಜಯರಾಮನ ಕೈಯನ್ನು ಒಮ್ಮೆ ನೋಡಿ, ಮೂರನೇ ನಂಬರಿನ ಗಿಡ್ಡ ರಾಡ್ ತಂದ. ಹಿಂದಿನ ಪಾರ್ಕಿಂಗಿನಲ್ಲಿ ಲೈನ್ ಬೀಸಿ ನೋಡುವುದು ಅಲ್ಲಿಯ ರೂಢಿ. ಜಯರಾಮ ಬೀಸಿದ. ತೋಳು ಎದೆಯ ಮಟ್ಟ ದಾಟಲಿಲ್ಲ, ಲೈನು ಅವನ ಬೂಟಿನ ಮೇಲೆಯೇ ಬಿತ್ತು.

“ಇನ್ನೂ ಹಗುರದ್ದು ಉಂಟಂತೆ, ಎರಡನೇ ನಂಬರು. ಅದನ್ನೇ ತರಿಸುವ,” ಎಂದಳು ಉಮಾವತಿ.

“ಗಾಳಿ ಬಂದರೆ ಅದು ಎಂತ ಪ್ರಯೋಜನಕ್ಕೂ ಇಲ್ಲ. ನಾಲ್ಕು ಆಗಬೇಕು, ಎಂಟೂವರೆ ಅಡಿಯದ್ದು.”

“ಮೂರೇ ಏಳುವುದಿಲ್ಲ ನಿಮಗೆ!” ಅವಳಿಗೆ ಕೋಪ ಬಂತು. ಹಟ ಮಾಡುವುದಕ್ಕೂ ಒಂದು ಹೊತ್ತು ಗೊತ್ತು ಬೇಡವೇ ಈ ಮನುಷ್ಯನಿಗೆ?

ನಾಲ್ಕು ಬಂತು. “ಸ್ವಲ್ಪ ಹಿಡಿದುಕೋ, ಭಾರ ಹೇಗುಂಟು ನೋಡು,” ಎಂದ. ಸಿಟ್ಟಿನಲ್ಲಿ ಅವಳು ಯಾವ ಕೈ ಎಂದು ನೋಡದೆ ಹಿಡಿದಳು. ಅವನು ಹಿಡಿಕೆಯ ಮೇಲಿದ್ದ ಅವಳ ಹೆಬ್ಬೆರಳನ್ನು ಬಗ್ಗಿ ನೋಡಿದ. “ಇದೇ ಇರಲಿ,” ಎಂದ.

ಲೈನಿನಲ್ಲೂ ಅದೇ ಕಥೆ. ಇಷ್ಟು ವರ್ಷ ಮೀನಿಗೆ ಕಾಣಬಾರದೆಂದು ಮಂಕು ಹಸಿರು ಲೈನನ್ನೇ ಹಾಕುತ್ತಿದ್ದವನು ಈಗ ಕಿತ್ತಳೆ ಬಣ್ಣದ್ದನ್ನು ಕೇಳಿದ. “ಲೈನು ಎಲ್ಲಿ ಹೋಯಿತೆಂದು ಕಣ್ಣಿಗೆ ಕಾಣಬೇಕು,” ಎಂದ. ಕಾಯಿಲೆ ಬುದ್ಧಿಗೂ ಇಳಿಯಿತೋ ಏನೋ ಎಂದು ಉಮಾವತಿ ಹೆದರಿದಳು.

ಕೊನೆಗೆ ಅಂಗಡಿಯವನು ಲೈನು ಸುತ್ತುವ ರೀಲನ್ನು ಕೈಗೆತ್ತಿಕೊಂಡು ಕೇಳಿದ, “ಹ್ಯಾಂಡಲ್ ಯಾವ ಕಡೆಗೆ? ಮಾಮೂಲಿನಂತೆ ಎಡಕ್ಕಾ?”

“ಬಲಕ್ಕೆ,” ಎಂದ ಜಯರಾಮ.

“ಅಲ್ಲ, ಎಡಕ್ಕೇ,” ಎಂದು ಅವಳು ನಡುವೆ ಬಂದಳು. “ಇವರು ಬಲಗೈಯಲ್ಲಿ ರಾಡ್ ಹಿಡಿಯುವವರು, ಎಡಗೈಯಲ್ಲಿ ರೀಲ್ ತಿರುಗಿಸುವವರು. ಇವರಿಗೆ ಮರೆತಿದೆ.”

“ನನಗೆ ಮರೆಯಲಿಲ್ಲ ಉಮಾ,” ಎಂದ ಅವನು. “ಎಡಗೈಯಲ್ಲಿ ಬೀಸುವವರಿಗೆ ಹ್ಯಾಂಡಲ್ ಬಲಕ್ಕಿರಬೇಕು.”

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳು ಇಷ್ಟು ದಿನ ಒಬ್ಬಳೇ ಕಟ್ಟಿಕೊಂಡು ಬಂದ ಆಸೆಯನ್ನು ಅವನು ಯಾವಾಗಲೋ ಕೈಬಿಟ್ಟಿದ್ದ, ಅವಳ ಮನಸ್ಸು ನೋಯಬಾರದೆಂದು ಅಂಗಡಿಯವರೆಗೂ ಬಂದಿದ್ದ. ಅವಳು ಅಲ್ಲಿಯೇ, ಬೂಟುಗಳ ಸಾಲಿನ ಮುಂದೆ, ಜನರೆದುರಿಗೇ ಅತ್ತಳು. ಜಯರಾಮ ಕಣ್ಣೊರೆಸಲು ಕೈ ಎತ್ತಿದ. ಅದು ಅವಳ ಮೊಣಕೈವರೆಗೆ ಮಾತ್ರ ಬಂತು. ಅವಳು ಅದನ್ನು ಹಿಡಿದುಕೊಂಡಳು.

ಅಕ್ಟೋಬರಿನಲ್ಲಿ ಕರ್ನ್ ನದಿಗೆ ಹೋದರು. ಅವನು ದಡದಲ್ಲಿ ಗಾಲಿಕುರ್ಚಿಯ ಮೇಲೆ ಚಹಾದ ಫ್ಲಾಸ್ಕಿನ ಪಕ್ಕ, ಅವಳು ಮೊಣಕಾಲುದ್ದದ ನೀರಿನಲ್ಲಿ. ಲೈನು ಬೆನ್ನ ಹಿಂದೆ ಪೂರ್ತಿ ಚಾಚುವವರೆಗೆ ತಾಳಬೇಕು, ಆಮೇಲೆ ಮುಂದಕ್ಕೆ ಬೀಸಬೇಕು. ತಾಳುವುದು ಅವಳಿಗೆ ಬರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅವನ ಮಾತು ತೊದಲಾಗಿತ್ತು, ಅವಳೊಬ್ಬಳಿಗೇ ತಿಳಿಯುತ್ತಿತ್ತು. ಕಿತ್ತಳೆ ಲೈನನ್ನೇ ನೋಡುತ್ತ ಅವನು ಹಿಂದಿನಿಂದ ಹೇಳುತ್ತಿದ್ದ, “ನಿಲ್ಲು... ನಿಲ್ಲು... ಈಗ.” ಸಂಜೆಗೆ ಗೇಣುದ್ದದ ಟ್ರೌಟ್ ಒಂದು ಸಿಕ್ಕಿತು. ಅವನಿಗೆ ತೋರಿಸಿ ನೀರಿಗೆ ಬಿಟ್ಟಳು.

ಫೆಬ್ರವರಿಯಲ್ಲಿ ಜಯರಾಮ ತೀರಿಕೊಂಡ. ತಿಥಿಯ ದಿನ ಬಂದವರಿಗೆಲ್ಲ ಉಮಾವತಿ ಎಡಗೈಯಲ್ಲೇ ಬಡಿಸಿದಳು. ಒಂದು ಹನಿ ಸಾರೂ ಚೆಲ್ಲಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ಅಶ್ವಿತಾ ಅವಳನ್ನು ಅದೇ ಜಾಗಕ್ಕೆ ಕರೆದೊಯ್ದಳು. ಉಮಾವತಿ ನೀರಿಗಿಳಿದು, ಎಡಗೈಯಲ್ಲಿ ರಾಡ್ ಎತ್ತಿ, ಲೈನನ್ನು ಬೆನ್ನ ಹಿಂದಕ್ಕೆ ಬೀಸಿ ನಿಂತಳು. ಈ ಸಲ ಅವಸರ ಮಾಡಲಿಲ್ಲ. ‘ಈಗ’ ಎನ್ನುವ ಮಾತಿಗಾಗಿ ಕಾದಳು. ಲೈನು ಹಿಂದೆ ಪೂರ್ತಿ ಚಾಚಿ, ಬಲ ಕಳೆದುಕೊಂಡು, ನೀರಿಗೆ ಬಿತ್ತು. ಅವಳು ಇನ್ನೂ ಕಾಯುತ್ತಲೇ ಇದ್ದಳು.